ಹೊಸ್ತಿಲಿಲ್ಲದ ಮನೆ

ತನಗೂ ಒಂದು ಗಂಟಲಿದೆ ಎಂದು ವತ್ಸಲೆಗೆ ಗೊತ್ತಾದದ್ದು ಮದುವೆಯಾದ ಮೇಲೆ, ಸಾವನದುರ್ಗದ ಬುಡದಲ್ಲಿ, ಒಂದು ಹಳೆಯ ಖಾಕಿ ಡೇರೆಯೊಳಗೆ.

ಹಾಗೆಂದು ಆಕೆ ಮೂಕಿಯೇನಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಆ ಉತ್ತರ ತುಟಿ ದಾಟಿ ಗಾಳಿಗೆ ಬರುವಷ್ಟರಲ್ಲಿ ಕೇಳಿದವರು ಇನ್ನೊಂದು ಕೆಲಸಕ್ಕೆ ಎದ್ದು ಹೋಗಿರುತ್ತಿದ್ದರು. ಬಿ.ಎ. ಓದುವಾಗ ಹಾಜರಿಗೆ 'ಎಸ್ ಸಾರ್' ಅನ್ನುವುದನ್ನು ಕೂಡ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಪಂಕಜಾಳೇ ಎರಡು ದನಿಯಲ್ಲಿ ಎರಡು ಸಲ ಹೇಳಿ ಮುಗಿಸುತ್ತಿದ್ದಳು. ಹೆಣ್ಣು ನೋಡಲು ಬಂದ ಅನಂತಲಕ್ಷ್ಮಮ್ಮನವರು ಇಷ್ಟಪಟ್ಟದ್ದೂ ಅದನ್ನೇ. "ಹುಡುಗಿಗೆ ಬಾಯಿಲ್ಲ, ಬಂಗಾರದಂಥದ್ದು" ಎಂದು ಅಲ್ಲೇ ತಾಂಬೂಲಕ್ಕೆ ಕೈ ಚಾಚಿದ್ದರು.

ಅನಂತಲಕ್ಷ್ಮಮ್ಮನವರ ಮನೆ ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ. ಮನೆ ತುಂಬ ಜನ, ಇದ್ದದ್ದು ಎರಡೇ ಕೋಣೆ. ಹೊಸ ದಂಪತಿಗಳಿಗೆಂದು ಬಿಟ್ಟುಕೊಟ್ಟ ಕೋಣೆಯ ಮೂಲಕವೇ ಬಚ್ಚಲಿಗೆ ದಾರಿ. ಮಾವನವರು ಕೆಮ್ಮಿಕೊಂಡು ಬರುವರು, ಮೈದುನ ಚಂಬು ಬಡಿದುಕೊಂಡು ಬರುವನು, ಅತ್ತೆ ಮಾತ್ರ ಯಾವ ಸದ್ದೂ ಮಾಡದೆ ಬರುವರು. ಅಂಥ ಕಡೆ ಗಂಡನ ಜೊತೆ ಏನು ಮಾತಾಡುವುದು? ವತ್ಸಲೆ ಪಿಸುಗುಟ್ಟುವುದನ್ನೂ ಬಿಟ್ಟು ಬರೀ ತಲೆ ಆಡಿಸುವುದಕ್ಕೆ ಇಳಿದಿದ್ದಳು.

ಗಂಡ ಲಕ್ಷ್ಮೀಪತಿ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದ. ಅವನಿಗಿದ್ದ ಹುಚ್ಚು ಒಂದೇ, ಶನಿವಾರ ಅರ್ಧ ದಿನದ ಕೆಲಸ ಮುಗಿಯುತ್ತಲೂ ಊರು ಬಿಡುವುದು. ಸೆಕೆಂಡ್‌ಹ್ಯಾಂಡ್ ಜಾವಾ ಬೈಕು, ಗುಜರಿಯಲ್ಲಿ ಸಿಕ್ಕ ಮಿಲಿಟರಿ ಡೇರೆ, ತಾನೇ ತಿದ್ದಿ ಮಾಡಿಕೊಂಡ ಕಬ್ಬಿಣದ ಗೂಟಗಳು, ಒಂದು ಪಂಪ್ ಸ್ಟೌ. ಡೇರೆ ಹರಿದ ಕಡೆಯಲ್ಲೆಲ್ಲ ದಬ್ಬಳ ಹಿಡಿದು ತಾನೇ ಹೊಲಿದಿದ್ದ. ಮದುವೆಯಾದ ಎರಡನೆಯ ಶನಿವಾರ ಅವನು ಡೇರೆಯ ಸುರುಳಿಯನ್ನು ಕ್ಯಾರಿಯರಿಗೆ ಬಿಗಿಯುತ್ತಿದ್ದಾಗ ತಾಯಿ ಬಾಗಿಲಿಗೆ ಬಂದು ನಿಂತರು.

"ಇಟ್ಟಿಗೆ ಗಾರೆ ಹಾಕಿ ಕಟ್ಟಿದ ಮನೆ ಇಟ್ಕೊಂಡು ಬಯಲಲ್ಲಿ ಯಾಕೋ ಮಲಗ್ತೀರ, ಸರ್ಕಸ್‌ನೋರ ಹಾಗೆ?"

"ಸರ್ಕಸ್‌ನೋರಿಗೆ ಆನೆ ಇರತ್ತಮ್ಮ. ನಮಗೆ ಜಾವಾ ಒಂದೇ."

"ಅವಳನ್ನ ಕೇಳಿದ್ಯಾ? ಬರ್ತೀನಿ ಅಂದ್ಲಾ?"

ವತ್ಸಲೆ ತಲೆ ಆಡಿಸಿದಳು. ಬರುತ್ತೇನೆ ಎಂದೋ ಇಲ್ಲವೆಂದೋ ಅತ್ತೆಗೆ ತಿಳಿಯುವ ಮೊದಲೇ ಜಾವಾ ಮಾಗಡಿ ರಸ್ತೆ ಹಿಡಿದಿತ್ತು.

ಅವತ್ತು ಸಂಜೆ ಬಂಡೆಯ ಮಗ್ಗುಲಲ್ಲಿ ಡೇರೆ ಎದ್ದು ನಿಂತ ಮೇಲೆ ಲಕ್ಷ್ಮೀಪತಿ ಹೇಳಿದ: "ಇಲ್ಲಿ ಯಾರಿದಾರೆ? ನನ್ನ ಹೆಸರು ಹಿಡಿದು ಕರಿ, ನೋಡೋಣ."

"ಅಯ್ಯೋ, ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗತ್ತಂತೆ."

"ಯಾರ ಆಯಸ್ಸು?"

"ನಿಮ್ಮದೇ."

"ನನ್ನದು ತಾನೆ? ನಾನೇ ಕೊಡ್ತಿದೀನಿ. ಕರಿ ನೀನು."

ಅವಳು ಕರೆದಳು. ಮೊದಲು ಡೇರೆಯ ಬಟ್ಟೆಗಷ್ಟೇ ಕೇಳುವಂತೆ, ಆಮೇಲೆ ಹೊರಗೆ ಬಂದು ಬೆಟ್ಟದ ಕಡೆ ಮುಖ ಮಾಡಿ. ಬೆಟ್ಟ 'ಪತೀ' ಎಂದು ತಿರುಗಿ ಕೂಗಿತು. ವತ್ಸಲೆ ಬೆಚ್ಚಿದಳು; ಇಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ಆಮೇಲೆ ಆಡಿದ ಮಾತಿಗೆ ಲೆಕ್ಕವಿಲ್ಲ. ಬಾಲ್ಯದ್ದು, ಕಾಲೇಜಿನದ್ದು, ಹುಳಿಗೆ ಹಾಕುವ ಬೆಲ್ಲದ ವಿಷಯದಲ್ಲಿ ಅತ್ತೆಗೂ ತನಗೂ ಇರುವ ಭಿನ್ನಾಭಿಪ್ರಾಯ, ಎಲ್ಲವೂ ಕಟ್ಟೆಯೊಡೆದ ನೀರಿನಂತೆ ಬಂತು. ಲಕ್ಷ್ಮೀಪತಿ ಮೊಸರನ್ನ ತಿನ್ನುವುದನ್ನು ಮರೆತು ಕೇಳಿದ. ತಾನು ಮದುವೆಯಾದದ್ದು ಯಾರನ್ನು ಎಂಬುದು ಅವನಿಗೂ ಅವತ್ತೇ ಗೊತ್ತಾದದ್ದು.

ಮುಂದಿನ ಶನಿವಾರ ತಿಪ್ಪಗೊಂಡನಹಳ್ಳಿ, ಅದರ ಮುಂದಿನದು ಶಿವಗಂಗೆ. ವಾರವೆಲ್ಲ ಬಾಯಿಗೆ ಬೀಗ, ಶನಿವಾರ ಮಾತ್ರ ಬೀಗದಕೈ. ಅಷ್ಟರಲ್ಲಿ ಆಷಾಢ ಬಂತು.

*

ಹೊಸದಾಗಿ ಮದುವೆಯಾದ ಹುಡುಗಿ ಮೊದಲ ಆಷಾಢದಲ್ಲಿ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು; ಅಳಿಯನೂ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು. ಗಂಡ ಹೆಂಡತಿ ಜೊತೆಗಿರುವುದಂತೂ ಕೂಡದು. ಯಾಕೆಂದು ಕೇಳಿದರೆ ಹಿರಿಯರು 'ಶಾಸ್ತ್ರ' ಎನ್ನುವರು. ತೀರ ಹತ್ತಿರದವರ ಕಿವಿಯಲ್ಲಿ ಮಾತ್ರ, ಆಷಾಢದಲ್ಲಿ ಬಸಿರು ನಿಂತರೆ ಚೈತ್ರದ ಉರಿಬಿಸಿಲಿಗೆ ಹೆರಿಗೆಯಾಗುತ್ತದೆ, ಬಾಣಂತಿಗೂ ಮಗುವಿಗೂ ಕಷ್ಟ ಎಂದು ಉಸುರುವರು.

ವತ್ಸಲೆಯ ತವರು ಇದ್ದದ್ದು ಮಾರೇನಹಳ್ಳಿಯ ಪಕ್ಕ, ಆಗಷ್ಟೇ ಮನೆಗಳೆದ್ದಿದ್ದ ವಿಜಯನಗರದಲ್ಲಿ. ರಾಜಾಜಿನಗರದಿಂದ ಮಾಗಡಿ ರಸ್ತೆ ದಾಟಿದರೆ ಸಿಕ್ಕಿತು. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನು ಬರುವಷ್ಟು ಹತ್ತಿರದ ತವರಿಗೆ ಟ್ರಂಕು, ಹಾಸಿಗೆ ಸಮೇತ ಅವಳನ್ನು ಕಳಿಸಿಕೊಟ್ಟರು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಕಳೆಯಬಹುದಿತ್ತು. ಆದರೆ ಅನಂತಲಕ್ಷ್ಮಮ್ಮನವರದು ಚಾಂದ್ರಮಾನ ಪಂಚಾಂಗ; ವತ್ಸಲೆಯ ತಾಯಿ ಪುಟ್ಟಲಕ್ಷ್ಮಮ್ಮನವರದು ಸೌರಮಾನ. ಒಬ್ಬರ ಆಷಾಢ ಅರ್ಧವಾದಾಗ ಇನ್ನೊಬ್ಬರದು ಶುರು. ಇಂಥ ಮನೆಗಳು ಸಂಬಂಧ ಬೆಳೆಸಿದಾಗ ಒಂದನ್ನು ಹಿಡಿದು ಒಂದನ್ನು ಬಿಡುವುದು ವಾಡಿಕೆ. ಈ ಬೀಗಿತ್ತಿಯರಿಬ್ಬರಿಗೂ ಮರ್ಯಾದೆ ಸ್ವಲ್ಪ ಜಾಸ್ತಿ.

"ಭೀಮನ ಅಮಾವಾಸ್ಯೆಗೆ ನಮ್ಮದು ಮುಗಿಯತ್ತೆ. ಆಮೇಲೆ ನೀವು ಹೇಳಿದ ಹಾಗೆ" ಎಂದರು ಅನಂತಲಕ್ಷ್ಮಮ್ಮ.

"ಆಗಿನ್ನೂ ನಮ್ಮದು ಅರ್ಧಕ್ಕೆ ಬಂದಿರತ್ತೆ. ಆದ್ರೂ ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದರು ಪುಟ್ಟಲಕ್ಷ್ಮಮ್ಮ.

"ಛೆ ಛೆ, ನಿಮ್ಮ ಶಾಸ್ತ್ರ ಕೆಡಿಸೋಕೆ ನಾವ್ಯಾರು? ಅದೂ ಮುಗೀಲಿ ಬಿಡಿ."

"ದೊಡ್ಡ ಮನಸ್ಸು ನಿಮ್ಮದು."

ಹೀಗೆ ಇಬ್ಬರು ದೊಡ್ಡ ಮನಸ್ಸಿನವರು ಸೇರಿ ಎರಡು ಆಷಾಢಗಳನ್ನು ಒಂದಕ್ಕೊಂದು ಹೊಲಿದು, ಆ ಉದ್ದನೆಯ ಕೌದಿಯನ್ನು ವತ್ಸಲೆಯ ಮೇಲೆ ಹೊದಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಬಾಯಿಲ್ಲದ ಹುಡುಗಿಯನ್ನು ಕೇಳುವುದೇನು?

ಮೊದಲ ಶನಿವಾರ ಲಕ್ಷ್ಮೀಪತಿ ನೇರವಾಗಿ ಬಂದು ಮಾವನ ಮನೆಯ ಗೇಟಿನ ಹೊರಗೆ ಬೈಕು ನಿಲ್ಲಿಸಿದ. ಪುಟ್ಟಲಕ್ಷ್ಮಮ್ಮ ಕೈಯಲ್ಲಿದ್ದ ಸೌಟಿನೊಂದಿಗೇ ಓಡಿಬಂದರು.

"ಒಳಗೆ ಬರಬೇಡಿ ಅಳಿಯಂದಿರೇ!"

"ಬರಲ್ಲ ಅತ್ತೆ. ನಾನು ನಿಂತಿರೋದು ಸರ್ಕಾರಿ ರಸ್ತೆ. ವತ್ಸಲಾನ ಕಳಿಸಿ, ಮಂಚನಬೆಲೆ ಕಡೆ ಹೋಗಿ ನಾಳೆ ಸಾಯಂಕಾಲ ವಾಪಸ್ ತಂದು ಬಿಡ್ತೀನಿ."

"ವಾಪಸ್ ತಂದು ಬಿಡೋಕೆ ಅವಳೇನು ಲೈಬ್ರರಿ ಪುಸ್ತಕಾನೇ? ಶಾಸ್ತ್ರ ಅಂತ ಒಂದಿದೆಯಪ್ಪ."

"ಯಾವ ಶಾಸ್ತ್ರ ಅತ್ತೆ? ಬಿಡಿಸಿ ಹೇಳಿ."

ಅಳಿಯನಿಗೆ ಅದನ್ನು ಬಿಡಿಸಿ ಹೇಳುವುದು ಹೇಗೆ? ಪುಟ್ಟಲಕ್ಷ್ಮಮ್ಮನವರ ಮುಖ ಕೆಂಪಾಯಿತು. ಜಗುಲಿಯಲ್ಲಿ ಕೂತಿದ್ದ ವತ್ಸಲೆಯ ತಂದೆ ವೆಂಕಟಗಿರಿಯವರು ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು. ವತ್ಸಲೆ ಬಾಗಿಲ ಹಿಂದೆ ನಿಂತಿದ್ದಳು. ಲಕ್ಷ್ಮೀಪತಿ ಕಿಟಕಿಯ ಕಡೆ ನೋಡಿದ. 'ಬರ್ತೀನಿ' ಎನ್ನುವ ಒಂದು ಮಾತು ಅವಳ ಗಂಟಲಿನ ತನಕ ಬಂದು ಅಲ್ಲೇ ಕೂತುಕೊಂಡಿತು. ಬೈಕು ಹೊರಟುಹೋಯಿತು. ಆ ವಾರವೆಲ್ಲ ಅವಳಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಒಳಗೊಂದು ಮಾತು ಅಡ್ಡ ಕೂತಿತ್ತಲ್ಲ.

*

ಮುಂದಿನ ಶನಿವಾರ ಅವಳು ಸುಳ್ಳು ಹೇಳಿದಳು.

ಕೆಂಗೇರಿಯಲ್ಲಿ ಪಂಕಜಾಳ ಮನೆಯಲ್ಲಿ ಹುಣ್ಣಿಮೆಯ ಸತ್ಯನಾರಾಯಣ ಪೂಜೆ, ರಾತ್ರಿ ಅಲ್ಲೇ ಇದ್ದು ಬರುತ್ತೇನೆ ಎಂದಳು. ಅವಳು ಸುಳ್ಳು ಹೇಳಬಲ್ಲಳು ಎಂಬ ಅನುಮಾನ ಯಾರಿಗೂ ಇರದಿದ್ದರಿಂದ ಅದು ಸಲೀಸಾಗಿ ನಡೆಯಿತು. ಪುಟ್ಟಲಕ್ಷ್ಮಮ್ಮ ಪೂಜೆಗೆಂದು ಬಾಳೆಹಣ್ಣಿನ ಚಿಪ್ಪನ್ನೂ ಕೊಟ್ಟು ಕಳಿಸಿದರು. ಪಂಕಜಾಳಿಂದ ಸುದ್ದಿ ತಿಳಿದಿದ್ದ ಲಕ್ಷ್ಮೀಪತಿ ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಕಾಯುತ್ತಿದ್ದ.

ಸಾವನದುರ್ಗದಲ್ಲಿ ಆಷಾಢದ ಗಾಳಿ ಹುಚ್ಚುಹಿಡಿದಂತೆ ಬೀಸುತ್ತಿತ್ತು. ಒಂದು ಗೂಟ ಹೊಡೆದರೆ ಇನ್ನೊಂದು ಕಿತ್ತು ಬರುವುದು. ಡೇರೆ ಒಮ್ಮೆ ಲಕ್ಷ್ಮೀಪತಿಯ ಸಮೇತ ಹಾರಲು ನೋಡಿತು. ವತ್ಸಲೆ ಸೆರಗನ್ನು ಸೊಂಟಕ್ಕೆ ಬಿಗಿದು, ಹಗ್ಗದ ಮೇಲೆ ಕೂತು, "ಹೊಡೀರಿ, ಹೊಡೀರಿ, ನಾನು ಹಿಡ್ಕೊಂಡಿದೀನಿ!" ಎಂದು ಕೂಗುತ್ತಿದ್ದಳು. ಕೊನೆಗೆ ನಾಲ್ಕು ಮೂಲೆಗೂ ಕಲ್ಲು ಹೇರಿದ ಮೇಲೆ ಡೇರೆ ಮಣಿಯಿತು. ಒಳಗೆ ನುಸುಳಿ ದೇವರಿಗೆಂದು ಕೊಟ್ಟ ಬಾಳೆಹಣ್ಣನ್ನು ತಾವೇ ತಿಂದರು.

"ಪಾಪ ಬಂತು ನಮಗೆ" ಎಂದ ಲಕ್ಷ್ಮೀಪತಿ, ಸಿಪ್ಪೆ ಸುಲಿಯುತ್ತ.

"ಯಾತಕ್ಕೆ ಪಾಪ?" ವತ್ಸಲೆ ಡೇರೆಯ ಬಾಯಿಯನ್ನು ಬೆರಳಿನಿಂದ ತೋರಿಸಿದಳು. "ಶಾಸ್ತ್ರ ಏನು ಹೇಳಿರೋದು? ಅವರ ಹೊಸ್ತಿಲು ನಾನು ದಾಟಬಾರದು, ಇವರ ಹೊಸ್ತಿಲು ನೀವು ದಾಟಬಾರದು. ಇಲ್ಲಿ ಹೊಸ್ತಿಲೆಲ್ಲಿದೆ? ಹುಲ್ಲು ಒಳಗೂ ಇದೆ, ಹೊರಗೂ ಇದೆ."

"ಆಹಾ, ಬಿ.ಎ. ಓದಿದ್ದು ಸಾರ್ಥಕ ಆಯ್ತು. ಇದನ್ನ ನಮ್ಮಮ್ಮನ ಎದುರು ಹೇಳ್ತೀಯಾ?"

ವತ್ಸಲೆ ಬಾಳೆಹಣ್ಣಿನ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು. ಬೆಟ್ಟದ ಮುಂದೆ ಬರುವ ದನಿ ಅತ್ತೆಯ ಮುಂದೆ ಬರುವುದೇ? ಅವಳ ಮನಸ್ಸಿಗೆ ಚುಚ್ಚುತ್ತಿದ್ದುದು ಇಲ್ಲಿಗೆ ಬಂದದ್ದಲ್ಲ, ಕದ್ದು ಬಂದದ್ದು. ಸ್ವಂತ ಗಂಡನ ಜೊತೆ ಕದ್ದು ಹೋಗುವುದೆಂದರೇನು? ತನ್ನ ಮನೆಯ ಹಾಲನ್ನು ತಾನೇ ಬೆಕ್ಕಿನಂತೆ ಕಣ್ಣು ಮುಚ್ಚಿ ಕುಡಿಯುವುದೇ?

ಮಾರನೆಯ ದಿನ ಸುಳ್ಳಿಗೆ ಸರಿಹೊಂದುವಂತೆ ಅವಳು ಕೆಂಗೇರಿಯಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಆದ್ದರಿಂದ ತಾವರೆಕೆರೆಯಿಂದ ದೊಡ್ಡ ಆಲದಮರದ ದಾರಿಗೆ ತಿರುಗಿದರು. ಅಲ್ಲಿಗೆ ಬರುವಷ್ಟರಲ್ಲಿ ಮಳೆ ಹನಿಯಿತು, ಮರದಡಿ ನಿಂತರು. ನಿಂತದ್ದು ಎಲ್ಲಿ? ಪಿಕ್‌ನಿಕ್ಕಿಗೆಂದು ಸಂಸಾರ ಸಮೇತ ಬಂದು ಜಮಖಾನ ಹಾಸಿ ಕೂತಿದ್ದ ಲಿಂಗಮ್ಮನವರ ಎದುರಿಗೇ. ಈ ಲಿಂಗಮ್ಮ ರಾಜಾಜಿನಗರದಲ್ಲಿ ಅನಂತಲಕ್ಷ್ಮಮ್ಮನವರ ಎದುರುಮನೆಯಾಕೆ.

"ಅನಂತಲಕ್ಷ್ಮಮ್ಮನ ಸೊಸೆ ಅಲ್ವೇನಮ್ಮಾ?" ಲಿಂಗಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು, ಬೈಕನ್ನೂ ಸುರುಳಿಯನ್ನೂ ವತ್ಸಲೆಯ ಕೆದರಿದ ತಲೆಯನ್ನೂ ಸಾವಕಾಶವಾಗಿ ನೋಡಿದರು. "ಯಾಕೆ, ನಿಮ್ಮ ಮನೇಲಿ ಆಷಾಢ ಬೇಗ ಮುಗೀತಾ ಈ ಸಲ?"

ವತ್ಸಲೆ ಎರಡೂ ಕೈಯಿಂದ ತಲೆ ಸರಿಮಾಡಿಕೊಳ್ಳತೊಡಗಿದಳು.

"ಮುಗೀತಾ ಬಂತು ಲಿಂಗಮ್ಮನೋರೇ" ಎಂದ ಲಕ್ಷ್ಮೀಪತಿ. "ಚಿತ್ರಾನ್ನ ಮಿಕ್ಕಿದ್ಯಾ?"

ಚಿತ್ರಾನ್ನ ಸಿಕ್ಕಿತು. ಸುದ್ದಿ ಅವರಿಗಿಂತ ಮೊದಲೇ ರಾಜಾಜಿನಗರ ತಲುಪಿತು.

*

ಮರುದಿನ ಅನಂತಲಕ್ಷ್ಮಮ್ಮ ಆಟೋದಲ್ಲಿ ವಿಜಯನಗರಕ್ಕೆ ಬಂದರು. ಸೊಸೆಯಿದ್ದ ಮನೆಯ ಹೊಸ್ತಿಲು ದಾಟುವಂತಿಲ್ಲವಲ್ಲ. ಗೇಟಿನ ಹೊರಗೇ ನಿಂತರು. ಪುಟ್ಟಲಕ್ಷ್ಮಮ್ಮ ಗೇಟಿನ ಒಳಗೆ ನಿಂತರು. ಬೀದಿಯವರೆಲ್ಲ ಹೂವಿನ ಗಿಡಕ್ಕೆ ನೀರು ಹಾಕಲು ಹೊರಗೆ ಬಂದರು, ಮಳೆ ಬರುತ್ತಿದ್ದರೂ.

"ಮಗಳನ್ನ ಹೀಗಾ ನೋಡ್ಕೊಳ್ಳೋದು ಬೀಗರೇ?"

"ಕರ್ಕೊಂಡು ಹೋದೋರು ನಿಮ್ಮ ಮಗ ಅಲ್ವಾ ಬೀಗರೇ? ಮಜ್ಜಿಗೆ ತಗೊಳ್ಳಿ, ಬಿಸಿಲಲ್ಲಿ ಬಂದಿದೀರ."

ಬಿಸಿಲಿರಲಿಲ್ಲ. ಆದರೂ ಮಜ್ಜಿಗೆ ಗೇಟಿನ ಮೇಲಿನಿಂದ ದಾಟಿತು. ಬೈಗುಳ, ಮಜ್ಜಿಗೆ, ಕುಂಕುಮ ಮೂರೂ ಅದೇ ದಾರಿಯಲ್ಲಿ ಓಡಾಡಿ, ಕೊನೆಗೆ ಇಬ್ಬರೂ ಒಂದಾದರು. ತೀರ್ಪು ಹೀಗಿತ್ತು: ಡೇರೆ ಅಟ್ಟಕ್ಕೆ. ಲಕ್ಷ್ಮೀಪತಿ ಈ ಬೀದಿಗೆ ಕಾಲಿಡಕೂಡದು. ವತ್ಸಲೆ ಎರಡು ಆಷಾಢವನ್ನೂ ಪೂರ್ತಿ ಕಳೆದೇ ಬರತಕ್ಕದ್ದು.

"ಭೀಮನ ಅಮಾವಾಸ್ಯೆಗೆ ಏನ್ಮಾಡೋದು?" ಎಂದರು ಪುಟ್ಟಲಕ್ಷ್ಮಮ್ಮ ಇದ್ದಕ್ಕಿದ್ದಂತೆ. "ಮೊದಲನೇ ವರ್ಷ, ಗಂಡನ ಪಾದಪೂಜೆ ಮಾಡ್ಲೇಬೇಕಲ್ಲ?"

ಇದು ಬಿಸಿ ತುಪ್ಪ. ಅವತ್ತು ಅನಂತಲಕ್ಷ್ಮಮ್ಮನವರ ಆಷಾಢದ ಕೊನೆಯ ದಿನ, ಪುಟ್ಟಲಕ್ಷ್ಮಮ್ಮನವರದು ನಡುಮಧ್ಯ. ಅವಳು ಅಲ್ಲಿಗೆ ಹೋಗುವಂತಿಲ್ಲ, ಅವನು ಇಲ್ಲಿಗೆ ಬರುವಂತಿಲ್ಲ. ಗಂಡನಿಲ್ಲದೆ ಪಾದಪೂಜೆ ಹೇಗೆ?

"ಫೋಟೋ ಇದೆಯಲ್ಲ!" ಎಂದರು ಅನಂತಲಕ್ಷ್ಮಮ್ಮ. "ನಿಂತುಕೊಂಡು ತೆಗೆಸಿದ್ದು. ಬೂಟಿನ ಸಮೇತ ಪಾದ ಕಾಣತ್ತೆ. ಹಿಂದಿನ ದಿನ ತಂದುಕೊಡ್ತೀನಿ, ಅದಕ್ಕೇ ಮಾಡ್ಲಿ."

ಬೀಗಿತ್ತಿಯ ಜಾಣತನಕ್ಕೆ ಪುಟ್ಟಲಕ್ಷ್ಮಮ್ಮ ಮನಸಾರೆ ತಲೆದೂಗಿದರು. ಬಾಗಿಲ ಹಿಂದೆ ನಿಂತಿದ್ದ ವತ್ಸಲೆಯನ್ನು ಈ ಸಲವೂ ಯಾರೂ ಕೇಳಲಿಲ್ಲ.

*

ಆ ವರ್ಷ ಭೀಮನ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಶನಿವಾರ ಮಧ್ಯಾಹ್ನವೇ ಮನೆಯಲ್ಲಿ ಸಡಗರ. ಪೂಜೆಯ ಜೋಡಿ ದೀಪಗಳು ತೊಳೆದು ಸಿದ್ಧವಾಗಿದ್ದವು. ಅರಿಶಿನದ ದಾರಕ್ಕೆ ಒಂಬತ್ತು ಗಂಟು ಬಿದ್ದಿತ್ತು. ನಾಣ್ಯ ತುಂಬಿ ಕರಿದ ಗಟ್ಟಿ ಹಿಟ್ಟಿನ ಉಂಡೆ, ಭಂಡಾರ, ಬುಟ್ಟಿಯಲ್ಲಿತ್ತು. ಪೂಜೆಯಾದ ಮೇಲೆ ಅದನ್ನು ಹೊಸ್ತಿಲ ಮೇಲಿಟ್ಟು ಮೊಣಕೈಯಿಂದ ಗುದ್ದಿ ಒಡೆಯುವುದು ಹೆಣ್ಣಿನ ಅಣ್ಣತಮ್ಮಂದಿರ ಹಕ್ಕು. ಕಾಲೇಜಿಗೆ ಹೋಗುವ ತಮ್ಮ ಕಿಟ್ಟಿ ಬೆಳಗಿನಿಂದ ಮೊಣಕೈಗೆ ಎಣ್ಣೆ ಹಚ್ಚಿಕೊಂಡು ಪೈಲ್ವಾನನಂತೆ ಓಡಾಡುತ್ತಿದ್ದ.

ಆಟೋ ಬಂದು ನಿಂತಿತು. ಅನಂತಲಕ್ಷ್ಮಮ್ಮ ಹಳೆಯ ಸೀರೆಯಲ್ಲಿ ಸುತ್ತಿದ ಫೋಟೋವನ್ನು ಮಗುವಿನಂತೆ ಎತ್ತಿಕೊಂಡು ಇಳಿದರು. ಗೇಟಿನ ಮೇಲಿನಿಂದ ಅದು ಪುಟ್ಟಲಕ್ಷ್ಮಮ್ಮನವರ ಕೈಗೆ, ಅಲ್ಲಿಂದ ವತ್ಸಲೆಯ ಕೈಗೆ ಬಂತು. ಕಟ್ಟು ಹಾಕಿಸಿದ ಫೋಟೋ. ಗಾಜಿನ ಹಿಂದೆ ಲಕ್ಷ್ಮೀಪತಿ ಸ್ಟುಡಿಯೋದ ಪರದೆಗೆ ಹೆದರಿದವನಂತೆ ನಿಂತಿದ್ದ.

"ಒಳಗೆ ನಡುಮನೇಲಿ ತಗುಲಿಹಾಕು" ಎಂದರು ಪುಟ್ಟಲಕ್ಷ್ಮಮ್ಮ. "ಕಿಟ್ಟಿ ಮೊಳೆ ಹೊಡೆದಿದಾನೆ ನೋಡು. ಹಾರ ನಾನು ತರಿಸಿಟ್ಟಿದೀನಿ."

ವತ್ಸಲೆ ತಿರುಗಿ ತೆರೆದ ಬಾಗಿಲಿನಿಂದ ನಡುಮನೆಯ ಗೋಡೆಯನ್ನು ನೋಡಿದಳು. ಅಲ್ಲಿ ತೀರಿಕೊಂಡ ಅಜ್ಜನ ಫೋಟೋ ಇತ್ತು, ಗಂಧದ ಹಾರ ಹಾಕಿಕೊಂಡು. ಕಿಟ್ಟಿ ಹೊಡೆದ ಹೊಸ ಮೊಳೆ ಅದರ ಪಕ್ಕದಲ್ಲೇ ಹೊಳೆಯುತ್ತಿತ್ತು.

ಗಂಟಲಲ್ಲಿ ಇಷ್ಟು ದಿನ ಅಡ್ಡ ಕೂತಿದ್ದುದು ಆಗ ಎದ್ದುಬಂತು.

"ಅಜ್ಜನ ಪಕ್ಕಕ್ಕಾ?"

"ಏನಂದೆ?" ಎಂದರು ಪುಟ್ಟಲಕ್ಷ್ಮಮ್ಮ. ಮಗಳು ಮಾತಾಡಿದಳೆಂದು ಅವರಿಗೆ ತಕ್ಷಣ ಹೊಳೆಯಲೇ ಇಲ್ಲ.

"ಅಜ್ಜನ ಪಕ್ಕಕ್ಕೆ ನನ್ನ ಗಂಡನ್ನ ನೇತುಹಾಕ್ಲಾ ಅಂದೆ. ಬದುಕಿರೋ ಗಂಡನ ಫೋಟೋಗೆ ಹಾರ ಹಾಕಿ, ದೀಪ ಹಚ್ಚಿ, ಕೈ ಮುಗೀಲಾ? ಇಬ್ರೂ ಮುತ್ತೈದೆಯರು ಇದೀರ. ನೀವೇ ಹೇಳಿ."

ಗೇಟಿನ ಆಚೆ ಒಂದು, ಈಚೆ ಒಂದು, ಎರಡು ಕೈಗಳು ತಂತಮ್ಮ ತಾಳಿಗೆ ಹೋದವು. ಅನಂತಲಕ್ಷ್ಮಮ್ಮನವರ ಮುಖ ಬಿಳಿಚಿಕೊಂಡಿತು. "ಬಿಡ್ತು ಅನ್ನೇ!" ಎಂದರು.

"ನಾನು ಯಾಕೆ ಅನ್ಲಿ ಅತ್ತೆ? ಮೊಳೆ ಹೊಡೆಸಿದ್ದು ನಾನಲ್ಲ."

"ಹಾಗಾದ್ರೆ ಬೇಡ. ಈ ವರ್ಷ ಪೂಜೆಯೇ ಬೇಡ, ಮುಂದಿನ ವರ್ಷ ಮಾಡಿದ್ರಾಯ್ತು."

"ಮೊದಲನೇ ವರ್ಷ ಬಿಡಬಾರದು ಅಂತ ಇದೇ ಗೇಟಿನ ಹತ್ರ ಮಾತಾಡ್ಕೊಂಡ್ರಲ್ಲ. ನಾನು ಮಾಡ್ತೀನಿ. ಪಾದಕ್ಕೇ ಮಾಡ್ತೀನಿ, ಬೂಟಿನ ಫೋಟೋಗಲ್ಲ."

"ಎಲ್ಲಿ ಮಾಡ್ತೀಯೇ?" ಅನಂತಲಕ್ಷ್ಮಮ್ಮ ದನಿ ಏರಿಸಿದರು. "ನನ್ನ ಮನೆಗೆ ನೀನು ಬರೋ ಹಾಗಿಲ್ಲ, ನಿಮ್ಮಮ್ಮನ ಮನೆಗೆ ಅವನು ಬರೋ ಹಾಗಿಲ್ಲ!"

"ಹೊಸ್ತಿಲೇ ಇಲ್ಲದ ಮನೆ ಒಂದಿದೆ ನಮಗೆ. ಅಲ್ಲಿ."

ಎದುರುಮನೆಯಲ್ಲಿ ನೀರಿನ ಪೈಪು ಹಿಡಿದಿದ್ದಾಕೆ ಗಿಡ ಬಿಟ್ಟು ತನ್ನ ಕಾಲಿಗೇ ನೀರು ಬಿಟ್ಟುಕೊಳ್ಳುತ್ತಿದ್ದಳು. ಪುಟ್ಟಲಕ್ಷ್ಮಮ್ಮ ಅದನ್ನು ನೋಡಿ ದನಿ ತಗ್ಗಿಸಿದರು. "ಜನ ಏನಂತಾರೇ, ವತ್ಸೂ?"

"ಲಿಂಗಮ್ಮನೋರು ಅನ್ನೋದೆಲ್ಲ ಅಂದಾಯ್ತಲ್ಲಮ್ಮ. ಉಳಿದೋರಿಗೆ ಏನು ಮಿಕ್ಕಿದೆ? ಪಂಕಜಾ ಮನೆ ಅಂತ ಸುಳ್ಳು ಹೇಳಿ ಹೋಗಿದ್ದು ತಪ್ಪು. ಒಪ್ಕೋತೀನಿ. ಅದಕ್ಕೇ ಈ ಸಲ ನಿಮ್ಮೆಲ್ಲರ ಎದುರಿಗೇ ಹೇಳ್ತಿದೀನಿ. ಹೋಗ್ತೀನಿ. ನಾಳೆ ಸಾಯಂಕಾಲ ಬರ್ತೀನಿ."

"ಅಯ್ಯೋ, ಇವಳಿಗೆ ಹೇಗೆ ಹೇಳ್ಲಿ!" ಅನಂತಲಕ್ಷ್ಮಮ್ಮ ಗೇಟಿನ ಸರಳು ಹಿಡಿದು ಮುಂದಕ್ಕೆ ಬಾಗಿ, ಹಲ್ಲಿನ ಮಧ್ಯದಿಂದ ಉಸುರಿದರು: "ಹೆಚ್ಚು ಕಮ್ಮಿ ಆದ್ರೆ ಚೈತ್ರಕ್ಕೆ ಕಣೇ, ಚೈತ್ರಕ್ಕೆ!"

ವತ್ಸಲೆಯ ಕಿವಿ ಕೆಂಪಾಯಿತು. ಆದರೂ ಅವಳು ಅತ್ತೆಯ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ರಾಮ ಹುಟ್ಟಿದ್ದೂ ಚೈತ್ರದಲ್ಲೇ ಅಲ್ವಾ ಅತ್ತೆ? ಕೌಸಲ್ಯೆಗೆ ಯಾರೂ ಏನೂ ಅನ್ಲಿಲ್ಲ. ನೀವು ವರ್ಷವರ್ಷ ಪಾನಕ ಹಂಚ್ತೀರ."

ಜಗುಲಿಯಲ್ಲಿ ವೆಂಕಟಗಿರಿಯವರ ಪೇಪರು ಗಡಗಡ ನಡುಗತೊಡಗಿತು. ಅವರು ಅದರ ಹಿಂದೆ ಕೆಮ್ಮುತ್ತಿದ್ದರೋ ನಗುತ್ತಿದ್ದರೋ, ಹೆಂಡತಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ವತ್ಸಲೆ ಒಳಗೆ ಹೋದಳು. ಜೋಡಿ ದೀಪ, ದಾರ, ಅರಿಶಿನ ಕುಂಕುಮ, ಭಂಡಾರ, ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಹೊಸ್ತಿಲು ದಾಟಿ, ಗೇಟೂ ದಾಟಿ ರಸ್ತೆಗೆ ಬಂದಳು. ಫೋಟೋವನ್ನು ಅತ್ತೆಯ ಕೈಗೆ ವಾಪಸು ಕೊಟ್ಟಳು.

"ಅಕ್ಕಾ, ಭಂಡಾರ?" ಎಂದ ಕಿಟ್ಟಿ, ಎಣ್ಣೆ ಹಚ್ಚಿದ ಮೊಣಕೈ ಹಿಡಿದುಕೊಂಡು.

"ನಾನೇ ಒಡ್ಕೋತೀನಿ ಕಣೋ."

ಈ ಬೀದಿಗೆ ಕಾಲಿಡಕೂಡದೆಂದು ಹೇಳಿದ್ದರಿಂದ ಲಕ್ಷ್ಮೀಪತಿ ಕಾಲಿಟ್ಟಿರಲಿಲ್ಲ. ಬೀದಿ ಮುಗಿಯುವ ತಿರುವಿನಲ್ಲಿ, ಬೀಡಾ ಅಂಗಡಿಯ ಮುಂದೆ ಜಾವಾಕ್ಕೆ ಒರಗಿ, ಅತ್ತ ಮುಖ ಮಾಡಿ ನಿಂತಿದ್ದ. ಹಿಂದಿನ ಶನಿವಾರವೂ ಅವನು ಅಲ್ಲಿ ಹಾಗೇ ನಿಂತಿದ್ದುದನ್ನು ವತ್ಸಲೆ ಮಹಡಿಯ ಮೇಲಿನಿಂದ ನೋಡಿದ್ದಳು.

"ರೀ" ಎಂದಳು. ಕೇಳಲಿಲ್ಲ.

"ರೀ!" ಎಂದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ, ತರಕಾರಿ ಚೀಲ ಹಿಡಿದವನೊಬ್ಬ, ಅಂಗಡಿಯವನು, ಇವರೆಲ್ಲ ತಿರುಗಿದರು. ತಿರುಗಬೇಕಾದವನು ತಿರುಗಲಿಲ್ಲ.

ವತ್ಸಲೆ ಬುಟ್ಟಿಯನ್ನು ಕೆಳಗಿಟ್ಟಳು. ಸಾವನದುರ್ಗದ ಬೆಟ್ಟಕ್ಕೆ ಕೂಗಿದಂತೆ, ಹೊಟ್ಟೆಯಿಂದ, ಇಬ್ಬರು ತಾಯಂದಿರ ಮತ್ತು ಇಡೀ ಬೀದಿಯ ಎದುರು ಕೂಗಿದಳು:

"ಲಕ್ಷ್ಮೀಪತೀ!"

ಹಿಂದಿನಿಂದ ಪುಟ್ಟಲಕ್ಷ್ಮಮ್ಮ "ಶಿವ ಶಿವಾ" ಎಂದದ್ದು ಕೇಳಿಸಿತು. ಜಾವಾ ಒಂದೇ ಒದೆತಕ್ಕೆ ಹತ್ತಿಕೊಂಡಿತು. ಅದು ಬಂದು ನಿಂತಾಗ ಕ್ಯಾರಿಯರಿನಲ್ಲಿ ಖಾಕಿ ಸುರುಳಿಯೂ ಇತ್ತು. ಅನಂತಲಕ್ಷ್ಮಮ್ಮನವರು ಮಗನನ್ನು ಬಿಟ್ಟು ಅದನ್ನೇ ದಿಟ್ಟಿಸಿದರು.

"ಅಟ್ಟದಿಂದ ಯಾವಾಗ ಇಳಿಸಿದ್ಯೋ?"

"ನೀವು ಆಟೋ ಹತ್ತಿದ ತಕ್ಷಣ ಅಮ್ಮ" ಎಂದ ಲಕ್ಷ್ಮೀಪತಿ. ಆಮೇಲೆ ಹೆಂಡತಿಯ ಕಡೆ ನೋಡಿದ. "ಕರೆದ್ಯಾ?"

"ಎಷ್ಟು ಸಲ ಕರೀಬೇಕು?" ಎನ್ನುತ್ತ ಅವಳು ಹತ್ತಿ ಕೂತಳು. ಮಡಿಲಲ್ಲಿ ಬುಟ್ಟಿ, ಒಂದು ಕೈ ಅವನ ಹೆಗಲ ಮೇಲೆ. ಇಲ್ಲಿಯ ತನಕ ಬೀದಿ ದಾಟುವವರೆಗೆ ಆ ಕೈಯನ್ನು ಅವಳು ಸೀಟಿನ ಮೇಲೇ ಇಟ್ಟಿರುತ್ತಿದ್ದಳು.

ಅತ್ತೆಯವರು ಆಶೀರ್ವಾದವೇನೂ ಮಾಡಲಿಲ್ಲ. ಮಗನ ಫೋಟೋವನ್ನು ಎದೆಗೆ ಒತ್ತಿಹಿಡಿದು, ನಿಜವಾದ ಮಗ ಹೊಗೆ ಬಿಟ್ಟುಕೊಂಡು ಹೋಗುತ್ತಿರುವುದನ್ನು ಉರಿಗಣ್ಣಿನಿಂದ ನೋಡುತ್ತಿದ್ದರು. ಬೈಕು ತಿರುವು ತಲುಪಿದಾಗ ಮಾತ್ರ ಕೂಗಿದರು: "ಸೆರಗು ಸಿಕ್ಕಿಸ್ಕೊಳ್ಳೇ, ಚಕ್ರಕ್ಕೆ ಸಿಕ್ಕೀತು! ಇನ್ನು ಅದೊಂದು ಬಾಕಿ!"

ವತ್ಸಲೆ ಸೆರಗನ್ನು ಸಿಕ್ಕಿಸಿಕೊಂಡಳು.

*

ಅಮಾವಾಸ್ಯೆಯ ಬೆಳಿಗ್ಗೆ ಸಾವನದುರ್ಗದಲ್ಲಿ ದೀಪ ಹಚ್ಚುವುದೇ ಒಂದು ಯುದ್ಧವಾಯಿತು. ಹಚ್ಚಿದರೆ ಗಾಳಿ ಆರಿಸುವುದು. ಕೊನೆಗೆ ದೀಪಗಳನ್ನು ಡೇರೆಯೊಳಗಿಟ್ಟು, ಗಂಡನನ್ನು ಹೊರಗೆ ಹುಲ್ಲಿನ ಮೇಲೆ ಕೂರಿಸಿ, ಅವನ ಕಾಲೆರಡನ್ನು ಮಾತ್ರ ಒಳಕ್ಕೆ ಎಳೆದುಕೊಂಡಳು. ಕಾರ್ಖಾನೆಯ ಮಸಿ ಉಗುರಿನ ಸಂದಿಯಿಂದ ಹೋಗಿರಲಿಲ್ಲ. ಅವಳು ಪಂಪ್ ಸ್ಟೌ ಮೇಲೆ ಕಾಯಿಸಿದ ನೀರಿನಲ್ಲಿ ತಿಕ್ಕಿ ತೊಳೆದು ಅರಿಶಿನ ಹಚ್ಚಿದಳು.

"ಕಚಗುಳಿ ಆಗ್ತಿದೆ" ಎಂದ ಹೊರಗಿನಿಂದ.

"ದೇವರು ಮಾತಾಡಬಾರದು. ಸುಮ್ನಿರಿ."

ದಾರವನ್ನು ಅವಳ ಕೈಗೆ ಅವನೇ ಕಟ್ಟಿದ. ಆಮೇಲೆ ಭಂಡಾರ. ತಮ್ಮನಿಲ್ಲ, ಹೊಸ್ತಿಲಿಲ್ಲ. ಡೇರೆಯ ಬಾಯಿಗೆ ಸ್ವಲ್ಪ ಮುಂದೆ ಒಂದು ಚಪ್ಪಟೆ ಬಂಡೆಯಿತ್ತು, ಅದರ ಮೇಲಿಟ್ಟಳು. ಲಕ್ಷ್ಮೀಪತಿ ತೋಳು ಮಡಿಸಲು ಹೋದ.

"ನೀವು ನನ್ನ ತಮ್ಮನಾ? ಸರೀರಿ ಆಚೆ."

ಮೊದಲ ಗುದ್ದಿಗೆ ಭಂಡಾರ ಅಲುಗಲಿಲ್ಲ. ಪುಟ್ಟಲಕ್ಷ್ಮಮ್ಮ ಅದನ್ನು ಕಿಟ್ಟಿಯ ಮೊಣಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕರಿದಿದ್ದರು. ಎರಡನೆಯ ಗುದ್ದಿಗೆ ಬಿರುಕು ಬಿಟ್ಟಿತು. ಮೂರನೆಯದಕ್ಕೆ ಚೂರುಚೂರಾಗಿ ನಾಣ್ಯ ಹುಲ್ಲಿನೊಳಗೆ ಹಾರಿತು. ವತ್ಸಲೆಯ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಅವಳು ಅದನ್ನು ನೋಡಿಕೊಂಡು, ಉಳಿದ ಅರಿಶಿನವನ್ನು ಅದರ ಮೇಲೆ ಮೆತ್ತಿ, ಒಡೆದ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು.

ಲಕ್ಷ್ಮೀಪತಿ ಮಂಡಿಯೂರಿ ನಾಣ್ಯ ಹುಡುಕುತ್ತಿದ್ದ. ಡೇರೆಯ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗೂಟಗಳು ಈ ಸಲ ಅಲುಗಿರಲಿಲ್ಲ. ನಿನ್ನೆ ಸಂಜೆ ಅವನ್ನು ಹೊಡೆದವಳು ಅವಳೇ.

"ಮುಂದಿನ ಶನಿವಾರ ಎಲ್ಲಿಗೆ?" ಎಂದಳು.

ಅವನು ತಲೆ ಎತ್ತಿದ. "ನಮ್ಮಮ್ಮನದು ಇವತ್ತಿಗೆ ಮುಗೀತು. ನಿಮ್ಮಮ್ಮನ ಆಷಾಢ ಇನ್ನೂ ಇದೆಯಲ್ಲೇ?"

"ಅದಕ್ಕೇ ಕೇಳಿದ್ದು" ಎಂದಳು ವತ್ಸಲೆ.